ಎರಡೂ ಮೂತಿ

ಮಕ್ವಾಲಾ,
ನಿನ್ನ ಹುಟ್ಟುಹಬ್ಬದ ಊಟದಲ್ಲಿ ವರ್ಲಾಮ್ ಮಾವ
ದ್ರಾಕ್ಷಾರಸದ ಕೊಂಬು ಎತ್ತಿ ನಿಂತು
ನಿನ್ನನ್ನು ಹುಣ್ಣಿಮೆ ಅಂದ, ಕಾಕಸಸ್ಸಿನ ಹಿಮ ಅಂದ,
ದಾಳಿಂಬೆ, ಜಿಂಕೆ, ಇನ್ನೂ ಏನೇನೋ ಅಂದ.
ಎಲ್ಲರೂ ಗುಟುಕರಿಸಿದರು. ನಿನ್ನಮ್ಮ ಕಣ್ಣೊರೆಸಿಕೊಂಡಳು.
ನನ್ನ ಸರದಿ ಬಂದಾಗ ಎದ್ದು ನಿಂತು
ಉಪ್ಪಿನಕಾಯಿ ಈ ಕಡೆ ಕಳಿಸಿ, ಅಂದೆ.

ನೀನೂ ನಕ್ಕೆ.
ಆಮೇಲೆ ಮೆಟ್ಟಿಲ ಬಳಿ ನಗಲಿಲ್ಲ.

ಅದಕ್ಕೇ ಇದು. ರೊಟ್ಟಿ ಸುತ್ತುವ ಕಾಗದದ ಮೇಲೆ,
ಬೆಳಗಿನ ನಾಲ್ಕೂವರೆಗೆ, ಒಲೆ ಕಾಯುವಷ್ಟರಲ್ಲಿ.
ಬಾವಿಯಂಥ ಒಲೆಯೊಳಗೆ ಸೊಂಟದವರೆಗೆ ಬಾಗಿ
ಗೋಡೆಗೆ ಹಿಟ್ಟು ಬಡಿಯುವವನು ನಾನು,
ಬಾಯಿಗೆ ಬಂದದ್ದೆಲ್ಲ ಅಲ್ಲೇ ಒಣಗಿಹೋಗುತ್ತದೆ.
ಅಕ್ಷರ ಮಸುಕಾದಲ್ಲಿ ಹಿಟ್ಟೆಂದು ತಿಳಿ.

ಹುಣ್ಣಿಮೆಯ ವಿಷಯ ನನಗೆ ಗೊತ್ತಿಲ್ಲ.
ನಿನ್ನ ಗಡಿಯಾರ ನಾಲ್ಕು ನಿಮಿಷ ಮುಂದಿದೆ, ಅದು ಗೊತ್ತು.
ಸರಿಮಾಡಿಸು ಅಂತ ಎಂದೂ ಹೇಳಲಿಲ್ಲ,
ನನ್ನದನ್ನೇ ತಿರುಗಿಸಿಕೊಂಡೆ.
ಈಗ ಚಿಯಾತೂರಾದಲ್ಲಿ
ಎಲ್ಲರಿಗಿಂತ ನಾಲ್ಕು ನಿಮಿಷ ಮೊದಲು
ಇಬ್ಬರಿಗೆ ಬೆಳಗಾಗುತ್ತದೆ.

ಊಟ ಆಯ್ತು ಎಂದು ಫೋನಿನಲ್ಲಿ ಸುಳ್ಳಾಡುವಾಗ
ನಿನ್ನ ಉಸಿರು ಮೊದಲು ಬರುತ್ತದೆ, ಮಾತು ಆಮೇಲೆ.
ಚಳಿಗಾಲಕ್ಕೆ ನೀನು ಹಾಕುವುದು ಗಣಿಗಿಳಿಯುತ್ತಿದ್ದ
ನಿಮ್ಮಪ್ಪನ ಕೋಟು. ತೋಳಿಗೆ ಮೂರು ಮಡಿಕೆ.
ವರ್ಷಕ್ಕೊಂದು ದಿನ ಒಂದು ಮಡಿಕೆ ಬಿಚ್ಚಿ,
ಒಳಗೇನೋ ನೋಡಿ, ಮತ್ತೆ ಮಡಚುತ್ತೀಯ.
ನಾನು ಕೇಳಿಲ್ಲ.
ಕೇಳದೆ ಉಳಿದದ್ದನ್ನೂ ನನ್ನ ಮಾತಿನ ಲೆಕ್ಕಕ್ಕೆ ಹಚ್ಚು,
ಆಗ ನಾನು ಅಷ್ಟೇನೂ ಮೂಗನಲ್ಲ.

ಆ ಫೆಬ್ರವರಿ ನಿನಗೆ ನೆನಪಿದೆಯೋ ಇಲ್ಲವೋ.
ಕರೆಂಟು ಹೋಗಿ ಕೇಬಲ್ ಕಾರು ನಡುದಾರಿಯಲ್ಲಿ ನಿಂತಿತು,
ಕೆಳಗೆ ಗಣಿಯ ಮಸಿ ಕುಡಿದ ಕ್ವಿರಿಲಾ ನದಿ,
ಒಳಗೆ ನಾನು, ಅರವತ್ತು ರೊಟ್ಟಿ.
ಗೋಡೆಯ ಫೋನು ಗೊರಗುಟ್ಟಿತು:
ಯಾರು ಒಳಗೆ?
ರೊಟ್ಟಿಯವನು.
ಕೆಳಗೆ ನೋಡಬೇಡ, ರೊಟ್ಟಿಯವನೇ.
ನೋಡಿಯಾಗಿತ್ತು.
ಆಗ ಮೇಲಿನ ನಿಲ್ದಾಣದಲ್ಲಿ ನೀನೊಬ್ಬಳೇ
ಕೈರಾಟೆ ತಿರುಗಿಸತೊಡಗಿದೆ. ಸುತ್ತಿಗೊಂದು ಮೊಳ.
ಫೋನು ಕೆಳಗಿಡದೆ ಎಣಿಸುತ್ತಿದ್ದೆ,
ಎಂಬತ್ತೊಂದು, ಎಂಬತ್ತೆರಡು,
ನಡುವೆ ಲೆಕ್ಕ ತಪ್ಪಿ, ಒಂದು ಬೈಗುಳ, ಮತ್ತೆ ಎಂಬತ್ತು.
ಆ ಬೈಗುಳದ ಹೊತ್ತಿಗೇ ಇರಬೇಕು.
ನಲವತ್ತು ನಿಮಿಷಕ್ಕೆ ಬಾಗಿಲು ತೆರೆಯಿತು.
ನಿನ್ನ ಅಂಗೈ ತುಂಬ ಬೊಬ್ಬೆ,
ಅದನ್ನು ಬೆನ್ನ ಹಿಂದೆ ಅಡಗಿಸಿ ನೀನು ಕೇಳಿದ್ದು
ರೊಟ್ಟಿ ಆರಿತಾ, ಅಂತ.

ಮಾವನ ಕೊಂಬಿನಲ್ಲಿ ಅಷ್ಟು ದೊಡ್ಡ ಮಾತು
ನಾನಿನ್ನೂ ಕಂಡಿಲ್ಲ.

ಮುಳ್ಳುಪೊದೆಯ ಕಪ್ಪು ಹಣ್ಣಿನ ಹೆಸರಿನವಳೇ,
ನಾಳೆ ನಿನ್ನ ರಾಟೆ ಕೆಟ್ಟರೆ, ನಿನ್ನ ಬೆಟ್ಟಕ್ಕೆ ಮಂಜು ಕವಿದರೆ,
ಕೋಟಿನ ಮಡಿಕೆ ಬಿಚ್ಚುವ ದಿನ ಕೈ ನಡುಗಿದರೆ
ನಾನು ಮೆಟ್ಟಿಲು ಹತ್ತಿ ಬರುತ್ತೇನೆ.
ಏದುಸಿರು ಬಿಡುತ್ತಾ, ಬೈದುಕೊಳ್ಳುತ್ತಾ,
ಆದರೆ ಬರುತ್ತೇನೆ. ಸುತ್ತಿಗೊಂದು ಮೊಳ.

ಒಲೆ ಕಾದಿದೆ. ಇನ್ನೊಂದೇ ಒಂದು, ಹೇಳಲೇಬೇಕಾದದ್ದು:
ದೋಣಿಯಂಥ ರೊಟ್ಟಿಯ ಮೂತಿ ಎಂದರೆ ನಿನಗೆ ಪ್ರಾಣ,
ದಿನವೂ ಒಂದು ಮೂತಿ ಇರುವುದಿಲ್ಲ,
ದಾರಿಯಲ್ಲಿ ಶಾಲೆಯ ಹುಡುಗ ಉಚಾ ಮುರಿದ
ಎಂದು ಎರಡು ವರ್ಷದಿಂದ ಹೇಳುತ್ತಾ ಬಂದಿದ್ದೇನೆ.
ಉಚಾ ಅಲ್ಲ.

ಕಾಗದ ಬಿಚ್ಚಿ ನೋಡು.
ಇವತ್ತು ಎರಡೂ ಇವೆ.