ಯಾವ ಗಳಿಗೆಯಿಂದ ಮಣ್ಣು

ಕರಡು ನಿಯಮದ ಮೂರನೆಯ ಕಲಮಿನಲ್ಲಿ ಸಿಕ್ಕಿಬಿದ್ದೆವು.
'ಅವಳು' ಎಂಬುದು 'ಅದು' ಆಗುವುದು
ಎಷ್ಟನೆಯ ದಿನ, ಎಷ್ಟು ಗಂಟೆಗೆ?
ವಕೀಲೆ ಡೆಸ್ಸಾ ಪ್ರೂಯಿಟ್ ಪೆನ್ನಿನ ತುದಿ ಕಚ್ಚುತ್ತ ಹೇಳಿದಳು:
ವ್ಯಾಖ್ಯೆ ಬೇಕೇ ಬೇಕು. ವ್ಯಾಖ್ಯೆಯಿಲ್ಲದ ಹೆಣ
ನ್ಯಾಯಾಲಯದಲ್ಲಿ ಎದ್ದು ಕೂತೀತು.

ಕಿಟಕಿಯಾಚೆ ಹಿಮಹೆಬ್ಬಾತುಗಳು
ಸ್ಕ್ಯಾಜಿಟ್ ನದಿಯ ಬಯಲಿಗೆ ಇಳಿಯುತ್ತಿದ್ದವು,
ಯಾರ ಅಪ್ಪಣೆಯೂ ಇಲ್ಲದೆ.

ಉಳಿದದ್ದನ್ನೆಲ್ಲ ಸಲೀಸಾಗಿಯೇ ಬರೆದಿದ್ದೆವು:
ಉಕ್ಕಿನ ತೊಟ್ಟಿ, ಮರದ ಚಕ್ಕೆ, ಕುದುರೆ ಮೇವಿನ ಒಣಹುಲ್ಲು;
ಐವತ್ತೈದು ಡಿಗ್ರಿ ಕಾವು, ಬಿಡದೆ ಮೂರು ಹಗಲು ಮೂರು ಇರುಳು,
ಹೊರಗಿನ ಬೆಂಕಿಯದಲ್ಲ,
ಕಣ್ಣಿಗೆ ಕಾಣದ ಕೋಟಿ ಬಾಯಿಗಳು ಉಂಡ ಕಾವು.
ಸೀಸಕ್ಕೆ, ಪಾದರಸಕ್ಕೆ ಒಂದೊಂದು ಮಿತಿ.
ಎದೆಯೊಳಗಿನ ಯಂತ್ರವನ್ನು ಮೊದಲೇ ತೆಗೆಯತಕ್ಕದ್ದು.
ಮಂಡಿಯ ಟೈಟೇನಿಯಂ ಜರಡಿಯಲ್ಲಿ ಸಿಕ್ಕರೆ
ರಸೀದಿ ಬರೆದಿಡತಕ್ಕದ್ದು.
ತಕ್ಕದ್ದು, ತಕ್ಕದ್ದು ಎಂದು ಬರೆದೂ ಬರೆದೂ
ತಕ್ಕದ್ದು ಯಾವುದೆಂಬುದೇ ಮರೆತುಹೋಗಿತ್ತು.

ಅಹವಾಲಿನ ದಿನ ಪಾದ್ರಿ ಕಾಲ್ವರ್ಟ್ ಎದ್ದು ನಿಂತರು.
ಮನುಷ್ಯರು ಸಿಪ್ಪೆಸೆದೆಯಲ್ಲ, ಅಂದರು.
ದನಿ ಏರಿಸಲಿಲ್ಲ. ಅದಕ್ಕೇ ನೋಯಿತು.
ಶವಪೆಟ್ಟಿಗೆ ಮಾಡುವವನು ವಾಸನೆಯ ಮಾತೆತ್ತಿದ.
ಹಿಂದಿನ ಬೆಂಚಿನಿಂದ ಹುಡುಗಿಯೊಬ್ಬಳು:
ಅಜ್ಜಿಯನ್ನು ಬುಟ್ಟಿ ಬುಟ್ಟಿಯಾಗಿ ಹಂಚಿಕೊಳ್ಳಬಹುದೇ?
ನಾವು ಮೊಮ್ಮಕ್ಕಳು ಏಳು ಜನ.
ಬರೆದುಕೊಂಡೆ: ಬುಟ್ಟಿ. ಅಳತೆ ನಿಗದಿಯಾಗಿಲ್ಲ.

ಮಣ್ಣು ಮಾಡುವುದು ಎಂದರೆ ಇಷ್ಟು ಕಾಲ
ಅಗೆದು, ಇಳಿಸಿ, ಮುಚ್ಚಿ, ಕೈ ತೊಳೆದುಕೊಳ್ಳುವುದು.
ಮಾತಿಗೆ ಮೊದಲೇ ಗೊತ್ತಿತ್ತೇನೋ.
ಈಗ ನಿಜಕ್ಕೂ ಮಾಡಬೇಕಾಗಿ ಬಂದಿದೆ.

ಕೊನೆಗೆ ಒಪ್ಪಿದ್ದು ಇಷ್ಟು:
ಎರಡನೆಯ ಪರೀಕ್ಷೆಯ ವರದಿಗೆ
ಸಹಿ ಬಿದ್ದ ಗಳಿಗೆಯಿಂದ ಮಣ್ಣು.
ಸಹಿ ಹಾಕುವವಳು ನಾನು.
ನೂರ ಹನ್ನೆರಡು ಮಂದಿಯನ್ನು ಮಣ್ಣು ಮಾಡಿದ್ದೇನೆ,
ಉಗುರಿಗೆ ಕೊಳೆ ತಾಕದೆ, ನೀಲಿ ಶಾಯಿಯಲ್ಲಿ.

ಮೇ ತಿಂಗಳಲ್ಲಿ ಒಂದು ದೂರು. ಒಂಬತ್ತನೆಯ ಕಲಮು:
ತಿನ್ನುವ ಬೆಳೆಗೆ ಹಾಕತಕ್ಕದ್ದಲ್ಲ.
ಓರಿನ್ ಟ್ವೇಟ್, ಎಂಬತ್ತೊಂದು,
ಒಂದು ಕಾಲದಲ್ಲಿ ಮೀನುದೋಣಿಗಳ ಎಂಜಿನ್ ರಿಪೇರಿ.
ಹೆಂಡತಿ ಸಿಗ್ನೆ, ಹದಿನಾಲ್ಕನೆಯ ತೊಟ್ಟಿ, ಸಹಿ ನನ್ನದೇ.
ಹಿತ್ತಲ ತುಂಬ ರೂಬಾರ್ಬ್:
ಆನೆಕಿವಿಯಂಥ ಎಲೆ, ಕೆಂಪು ದಂಟು.
"ಇಪ್ಪತ್ತು ವರ್ಷ ಬಯ್ಕೊಂಡೇ ಬೆಳೆಸಿದಳು.
ಒಂದು ಸಲವೂ ಮಂಡಿ ದಾಟಲಿಲ್ಲ.
ಈಗ ನೋಡಿ ಇವಳನ್ನ."

ನೋಡಿದೆ. ಸೊಂಟದ ತನಕ ಬಂದಿದ್ದಳು.

ನಮೂನೆಯ ಹಾಳೆ ತೊಡೆಯ ಮೇಲಿಟ್ಟುಕೊಂಡೆ.
ಗಿಡದ ಹೆಸರು ಎಂಬಲ್ಲಿ ಹೆಸರು.
ತಿನ್ನಲು ಯೋಗ್ಯವೇ ಎಂಬಲ್ಲಿ ಕೈ ನಿಂತಿತು.
ಈ ಗಿಡದ ಎಲೆ ವಿಷ; ಯಾವ ತೋಟಗಾರನನ್ನು ಕೇಳಿದರೂ ಹೇಳಿಯಾನು.
'ಎಲೆ: ವಿಷಕಾರಿ' ಎಂದು ದಪ್ಪಗೆ ಬರೆದೆ.
ದಂಟಿನ ಬಗ್ಗೆ ಹಾಳೆಯಲ್ಲಿ ಜಾಗ ಉಳಿಯಲಿಲ್ಲ.

ಒಳಗೆ ಒಲೆಯಿಂದ ಸಕ್ಕರೆಗೆ ಬಿದ್ದ ಹುಳಿಯ ಪರಿಮಳ.
ಮುದುಕ ಎರಡು ತಟ್ಟೆ ತೆಗೆದ,
ತುಸು ತಡೆದು, ಒಂದನ್ನು ಮತ್ತೆ ಕಪಾಟಿಗಿಟ್ಟ.
"ನಿಮಗೆ ಕೊಟ್ಟರೆ ಲಂಚ ಆದೀತು."
ಹೌದು, ಅಂದೆ.

ಸೇತುವೆ ದಾಟುವ ತನಕ
ಬಾಯಲ್ಲಿ ನೀರು.