ಮೂರು ಬಿಳಿ ಪುಡಿ

ಶಿಡ್ಲಘಟ್ಟದಲ್ಲಿ ಬೆಳಗಾಗುವುದು ಮೂಗಿಗೆ:
ಗೂಡು ಬೇಯುವ ವಾಸನೆ.
ನಮ್ಮ ಮನೆಗೂ ಖೈರುನ್ನೀಸಾ ಆಪಾರ ರೀಲಿಂಗ್ ಶೆಡ್ಡಿಗೂ ಒಂದೇ ಗೋಡೆ.
ಆ ವಾಸನೆ ಹೊತ್ತೇ ನಾನು ಬಸ್ಸು ಹತ್ತುವುದು,
ಪಕ್ಕದವರು ಕಿಟಕಿ ಸರಿಸುವುದು,
ಲ್ಯಾಬಿನ ಕುಲುಮೆಯ ಮುಂದೆ ಪಾಳಿ ಕಾಯುವುದು.

ಟೈಟಾನಿಯಂ ಡೈಆಕ್ಸೈಡ್.
ಗೋಡೆಯ ಪೇಂಟಿನಲ್ಲಿರುವ ಅದೇ ಬಿಳಿ.
ಒಂದು ಪುಡಿ ಕಾಯಿಸದ್ದು,
ಒಂದು ನಾನೂರೈವತ್ತು ಡಿಗ್ರಿ ಕಂಡದ್ದು,
ಇನ್ನೊಂದು ಒಂಬೈನೂರು.
ಚೀಟಿ ಉದುರಿದರೆ ಮುಗಿಯಿತು,
ಮೂರೂ ರಂಗೋಲಿ ಪುಡಿ.

ಮೂರು ಲೋಟ ನೀಲಿ ನೀರಿಗೆ ಕದಡಿ
ಮಹಡಿಯ ಬಿಸಿಲಿಗಿಟ್ಟೆ.
ಕಾಯಿಸದ್ದರ ಮೇಲೆಯೇ ನನಗೆ ಆಸೆ:
ಎಷ್ಟು ಸಣ್ಣ ಕಣ, ಎಷ್ಟೊಂದು ಮೈ,
ಬಣ್ಣ ಬಂದು ಕೂರಲು ಎಷ್ಟೊಂದು ಜಾಗ!
ಒಳಗೆ ನೋಡಿದರೆ
ಹರಾಜು ಮುಗಿದ ಗೂಡಿನ ಮಾರುಕಟ್ಟೆ, ಎಲ್ಲ ಚೆಲ್ಲಾಪಿಲ್ಲಿ.
ಬೆಳಕು ಎಬ್ಬಿಸಿದ ಎಲೆಕ್ಟ್ರಾನು
ನಾಲ್ಕು ಹೆಜ್ಜೆ ಇಡುವುದರೊಳಗೆ ಗುಂಡಿಗೆ ಬಿದ್ದು
ತಾನೇ ಬಿಟ್ಟು ಬಂದ ಖಾಲಿ ಜಾಗದೊಂದಿಗೆ ರಾಜಿಯಾಗಿ
ಸುಮ್ಮನೆ ಬೆಚ್ಚಗಾಗುತ್ತದೆ.
ನೀಲಿ ನೀಲಿಯಾಗಿಯೇ ಉಳಿಯಿತು.

ಒಂಬೈನೂರರದ್ದು ಸಾಲು ತಪ್ಪದ ಹರಳು, ರೂಟೈಲ್.
ಆದರೆ ಕಣಕ್ಕೆ ಕಣ ಅಂಟಿ ದಪ್ಪಗಾಗಿ
ಬಾಗಿಲಲ್ಲಿ ನಿಲ್ಲಲೂ ಬಣ್ಣಕ್ಕೆ ಜಾಗವಿಲ್ಲ.
ಸಂಜೆಗೆ ತುಸು ಮಾಸಿತು, ಅಷ್ಟೆ.

ನಡುವಿನ ಲೋಟ
ಊಟಕ್ಕೆ ಕರೆಯುವ ಮೊದಲೇ
ತಳದಲ್ಲಿ ಪುಡಿ ಇಳಿದ ಬರೀ ನೀರು.

ಗೋಡೆಯಾಚೆಯಿಂದ ಆಪಾ ನೋಡುತ್ತಿದ್ದರು.
ಮೂವತ್ತು ವರ್ಷದ ಬಿಸಿನೀರಿಗೆ
ಅವರ ಬೆರಳು ಗೆರೆ ಕಳೆದುಕೊಂಡಿವೆ;
ರೇಷನ್ ಅಂಗಡಿಯ ಯಂತ್ರ ಅವರನ್ನು ಒಪ್ಪುವುದಿಲ್ಲ.
"ಬೇಯದ ಗೂಡು ಎಳೆ ಬಿಡಲ್ಲ,
ಜಾಸ್ತಿ ಬೆಂದರೆ ಎಳೆ ನಿಲ್ಲಲ್ಲ.
ಇದಕ್ಕೆ ನಾಲ್ಕು ವರ್ಷ ಓದಬೇಕಾ?"

ಎಕ್ಸ್‌ರೇ ಗ್ರಾಫು ತೋರಿಸಿದೆ.
ಕಾಯಿಸದ್ದು ಮಲಗಿದ ದಿಬ್ಬ,
ಕಾಯಿಸಿದ್ದು ಎದ್ದು ನಿಂತ ಸೂಜಿ.
ಸೂಜಿಯ ತುದಿಯನ್ನು ಉಗುರಿನಿಂದ ಮುಟ್ಟಿ
"ನಮ್ಮ ನೀರಿಗೆ ಹಾಕು ನೋಡೋಣ" ಎಂದರು.

ಹಾಕಿದೆ.
ಬಾಣಲೆ ಬಸಿದ ಕಂದು ನೀರು,
ಹುಳದ ಎಣ್ಣೆ, ರೇಷ್ಮೆಯ ಗೋಂದು.
ಬೆಳಕು ಒಳಗೆ ಹೋಗಲೇ ಇಲ್ಲ.

ಇಂದಿಗೆ ಆರು ದಿನ.
ಲೋಟ ಮಹಡಿಯಲ್ಲೇ ಇದೆ,
ನೊಣ ಬೀಳದಂತೆ ಸೊಳ್ಳೆಪರದೆಯ ತುಂಡು ಕಟ್ಟಿದ್ದೇನೆ.
ಒಲೆಗೆ ಸೌದೆ ತುರುಕುತ್ತಾ ಆಪಾ
ನೆಂಟರನ್ನು ವಿಚಾರಿಸುವ ಹಾಗೆ ಕೇಳುತ್ತಾರೆ:
"ನಿನ್ನ ಹರಳು ಎದ್ದಿತಾ?"