ಮೋಲ್ಡಿಂಗ್ ದಿನದ ಲೆಕ್ಕ

ಬೆಳಗ್ಗೆ ಆರಕ್ಕೇ ಹೈವೇ ಸರ್ಕಲ್‌ನಲ್ಲಿ ನಿಂತಿದ್ದೆ,
ಸಿಂಬಿ ಕಂಕುಳಲ್ಲಿ, ಬುತ್ತಿ ಕೈಯಲ್ಲಿ,
ಜಪಸರ ಕೊರಳಲ್ಲಿ, ಸೆರಗಿನ ಒಳಗೆ.
ಮೇಸ್ತ್ರಿ ಜವರಪ್ಪ ಟೆಂಪೋ ನಿಲ್ಲಿಸಿ
ಬೆರಳು ಮಾಡಿದ: ನೀನು, ನೀನು, ನೀನು.
ಮೂರನೇ ನೀನು ನಾನು.
ಕೂಲಿ ಏಳುನೂರು ಅಂದ. ಒಪ್ಪಿದೆ, ಹತ್ತಿದೆ.

ರಮ್ಮನಹಳ್ಳಿಯಾಚೆ ಹೊಸ ಬಡಾವಣೆ,
ಎರಡನೇ ಅಂತಸ್ತಿಗೆ ಮೋಲ್ಡಿಂಗ್.
ಮೋಲ್ಡಿಂಗ್ ಅಂದರೆ ಹೆರಿಗೆ ಇದ್ದ ಹಾಗೆ,
ಶುರುವಾದ ಮೇಲೆ
ನಾಳೆ ನೋಡೋಣ ಅನ್ನೋ ಹಾಗಿಲ್ಲ.
ಮಿಕ್ಸರ್ ತಿರುಗಿತು. ಬಾಂಡ್ಲಿ ಮೇಲೆ ಬಾಂಡ್ಲಿ.
ಮೂವತ್ತೊಂಬತ್ತರವರೆಗೆ ಎಣಿಸಿದೆ,
ಆಮೇಲೆ ಎಣಿಸೋಕೆ ಕತ್ತು ಬಿಡಲಿಲ್ಲ.

ಮೂರೂವರೆಗೆ ಬೆಟ್ಟದ ಕಡೆ ಮೋಡ ಕಟ್ಟಿತು.
ಇನ್ನೂ ಕಾಲು ಭಾಗ ಕಂಬಿ ಬೆತ್ತಲೆ.
ಜವರಪ್ಪ ಬೈಕ್ ಹತ್ತಿ ಮತ್ತೆ ಸರ್ಕಲ್‌ಗೆ ಓಡಿದ.
ಬರುವಾಗ ಹಿಂದೆ ಕೂತಿದ್ದಳು ಮಾದಾಜಮ್ಮ,
ನಂಜನಗೂಡಿನ ರೈಲಿಗೆ ಬರೋ ಮುದುಕಿ,
ಎಡಗಾಲು ಎಳೆದು ನಡೆಯೋಳು.
'ಇಷ್ಟೊತ್ತೂ ಅಲ್ಲೇ ಇದ್ದೆಯಾ?' ಅಂದೆ.
'ಯಾರೂ ಕರೀಲಿಲ್ಲ ಕಣವ್ವ.'

ಅವಳು ಹೊತ್ತದ್ದು ಹದಿನಾರು ಬಾಂಡ್ಲಿ.
ಅದನ್ನು ಮಾತ್ರ ಸರಿಯಾಗಿ ಎಣಿಸಿದೆ.

ಟಾರ್ಪಾಲು ಹೊದಿಸುವಾಗ ಮೊದಲ ಹನಿ.
ಮೆಟ್ಟಿಲ ಕೆಳಗೆ ನಿಂತು ಬಟವಾಡೆ.
ಮಾದಾಜಮ್ಮನಿಗೇ ಮೊದಲು, ರೈಲು ತಪ್ಪುತ್ತೆ ಅಂತ.
ಏಳು ನೋಟು.
ನನ್ನ ಮನಸ್ಸು ಆಗಲೇ ಅಂಗಡಿ ತೆರೆದಿತ್ತು:
ಅವಳಿಗೇ ಏಳುನೂರಾದರೆ ನನಗೆ ಸಾವಿರ,
ಸಾವಿರಕ್ಕೆ ಗ್ಯಾಸು, ಮಗಳ ಚಪ್ಪಲಿ...
ನನ್ನ ಕೈಗೂ ಏಳೇ ನೋಟು.
'ಇದ್ಯಾವ ನ್ಯಾಯ ಮೇಸ್ತ್ರಿ?'
'ನೀನು ಒಪ್ಪಿದ್ದೆಷ್ಟು ಸವೇರಿಯಮ್ಮ? ಅದರಲ್ಲಿ
ಕಮ್ಮಿ ಕೊಟ್ಟೆನಾ?'

ಚರ್ಚಿನ ಹೊಸ್ತಿಲು ಕಂಡವನಲ್ಲ ಜವರಪ್ಪ.
ಆ ಮಾತು ಅವನಿಗೆ ಯಾರು ಹೇಳಿಕೊಟ್ಟರು?

ಎಷ್ಟು ವರ್ಷ ಕೇಳಿದ್ದೇನೆ ದ್ರಾಕ್ಷಿತೋಟದ ಕಥೆ!
ಸಂಜೆ ಬಂದವರಿಗೂ ಅದೇ ಕೂಲಿ,
ಬೆಳಗಿನವರು ಗೊಣಗಿದರು ಅಂತ
ಫಾದರ್ ಓದಿದಾಗಲೆಲ್ಲ
ಪಾಪ, ಪೆದ್ದು ಜನ ಅಂದುಕೊಂಡಿದ್ದೆ,
ಬೇರೆ ದೇಶದವರು, ಬೇರೆ ಕಾಲದವರು.
ಈಗ ಆ ಗೊಣಗು ನನ್ನ ಬಾಯಲ್ಲೇ,
ಸಿಮೆಂಟಿನ ರುಚಿ.

ಭಾನುವಾರ ಮೊಣಕಾಲೂರಿ ಜಗಳಕ್ಕೆ ನಿಂತೆ.
ಅಪ್ಪಾ, ಅವಳು ಹದಿನಾರು.
ನನ್ನದು ಲೆಕ್ಕ ತಪ್ಪುವಷ್ಟು.
ಮೇಣದಬತ್ತಿ ಉರಿಯಿತು. ಅವನು ಮಾತಾಡಲಿಲ್ಲ.
ಮಾತಾಡಿದ್ದು ನನ್ನ ಹಳೇ ಕಾಲು,
ಆಷಾಢದಲ್ಲಿ ಹನ್ನೊಂದು ದಿನ
ಅದೇ ಸರ್ಕಲ್‌ನಲ್ಲಿ ನಿಂತ ಕಾಲು.
ಟೆಂಪೋ ನಿಂತಾಗ ಬೆನ್ನು ನೆಟ್ಟಗೆ ಮಾಡಬೇಕು,
ಕೆಮ್ಮು ನುಂಗಬೇಕು, ವಯಸ್ಸು ನುಂಗಬೇಕು,
ಬೆರಳು ಪಕ್ಕದವಳ ಮೇಲೆ ಹೋದಾಗ
ನಕ್ಕು ಜಾಗ ಬಿಡಬೇಕು.
ಬಾಂಡ್ಲಿಗಿಂತ ಭಾರ ಅದು,
ಇಳಿಸಲಿಕ್ಕೆ ಜಾಗವಿಲ್ಲ.
ಹಸಿವು ನಾಲ್ಕು ಗಂಟೆಗೆ ಬರಲಿಲ್ಲ ಮಾದಾಜಮ್ಮನಿಗೆ,
ಅದೂ ಆರಕ್ಕೇ ಬಂದಿತ್ತು,
ನಮ್ಮನ್ನೆಲ್ಲ ಟೆಂಪೋ ಹತ್ತಿಸಿ ಅವಳ ಜೊತೆ ಉಳಿದಿತ್ತು.

ಬುಧವಾರ ನೀರು ಕಟ್ಟೋಕೆ ಹೋದೆ ಅದೇ ಮನೆಗೆ.
ಮಾಳಿಗೆ ತುಂಬ ಆಕಾಶ ಮಲಗಿತ್ತು.
ಯಾವುದು ಬೆಳಗಿನ ಬಾಂಡ್ಲಿ,
ಯಾವುದು ಸಂಜೆಯದು,
ಕಾಲಲ್ಲಿ ತಡಕಿದೆ, ಗೊತ್ತಾಗಲಿಲ್ಲ.

ಗುರುವಾರ ಸರ್ಕಲ್‌ನಲ್ಲಿ
ಮಾದಾಜಮ್ಮನನ್ನು ಮುಂದೆ ನಿಲ್ಲಿಸಿ
ಎಡಗಾಲು ಕಾಣದ ಹಾಗೆ ಪಕ್ಕಕ್ಕೆ ನಿಂತೆ.

ಆದರೂ ಸ್ವಾಮಿ, ನಿನ್ನ ಹತ್ತಿರ ಮುಚ್ಚುಮರೆ ಏನು,
ಆವತ್ತು ಬೆಳಗಿನವರಿಗೆ
ಒಂದು ಟೀ, ಒಂದು ಬನ್ನು
ಜಾಸ್ತಿ ಕೊಡಿಸಬಹುದಿತ್ತು.